ಕಿವಿ ನೋಡಬೇಕ್ರಿ

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಅವನು ಡಬ್ಬಿಯ ಮೇಲಿನ ಚೀಟಿಯನ್ನು ಓದುತ್ತಲೇ ಇರಲಿಲ್ಲ. ಡಬ್ಬಿ ಬಿಚ್ಚಿ, ರ‍್ಯಾಮ್ ಪಟ್ಟಿಯನ್ನು ಎರಡು ಬೆರಳಲ್ಲಿ ಎಳೆದು, ಅದರ ಕೆಳಗಿನ ಅಂಚನ್ನು ಬೆಳಕಿಗೆ ಹಿಡಿಯುತ್ತಿದ್ದ. ಅಂಚಿನಲ್ಲಿ ಕತ್ತರಿಸಿದಂಥ ಕಚ್ಚು ಎರಡು ಇದ್ದರೆ ಹಳೆಯ ಎಸ್‌ಡಿ ರ‍್ಯಾಮ್, ಒಂದೇ ಇದ್ದರೆ ಹೊಸ ಡಿಡಿಆರ್. "ಕಿವಿ ನೋಡಬೇಕ್ರಿ, ಮಾತು ಕೇಳಬಾರದು" ಅನ್ನುತ್ತಿದ್ದ. ಅವನಪ್ಪ ಕುರಿ ಕಾಯುವವ. ಗುರುತಿಗೆಂದು ಕೊಯ್ದ ಕಿವಿಯ ಕಚ್ಚು ನೋಡಿಯೇ ಇದು ಯಾರ ಹಿಂಡಿನ ಕುರಿ ಎಂದು ಹೇಳುವ ಮನೆತನ.

ನಮ್ಮ ಸಾಲಿಗೆ ಹೊಸ ಕಂಪ್ಯೂಟರ್ ಬಂದವು. ಕಂಪ್ಯೂಟರ್ ಕಲಿಸುವ ಮಾಸ್ತರ ನಾನೇ, ಮಾಲು ಸರಿಯಿದೆ ಎಂದು ಸಹಿ ಹಾಕಬೇಕಾದವನೂ ನಾನೇ. ಕಾಗದದಲ್ಲಿ ಡಿಡಿಆರ್ ಎಂದಿತ್ತು. ಜೋಡಿಸಲು ಕರೆಸಿದ್ದ ಅವನು ಒಂದನ್ನು ಬಿಚ್ಚಿ, ಪಟ್ಟಿ ತೆಗೆದು ನನ್ನ ಅಂಗೈ ಮೇಲಿಟ್ಟ.

"ಎರಡು ಕಚ್ಚು ಅದಾವ್ರಿ ಸರ. ಇದು ಹಳೇ ಮಾಲು."

ಮಾಲು ತಂದಿದ್ದ ಏಜೆಂಟ್ ಅವನ ಮನೆತನ ಬಲ್ಲವನು. ಹೆಡ್‌ಮಾಸ್ತರರ ಕಡೆ ತಿರುಗಿ, "ಕುರಿ ಕಾಯೋರ ಕಡಿಂದ ಕಂಪ್ಯೂಟರ್ ಚೆಕ್ ಮಾಡಸಾಕತ್ತೀರೇನ್ರಿ?" ಎಂದ. ಹೆಡ್‌ಮಾಸ್ತರರು ನಕ್ಕರು. ಪಟ್ಟಿ ಇನ್ನೂ ನನ್ನ ಕೈಯಲ್ಲೇ ಇತ್ತು. ನಾನೂ ನಕ್ಕೆ.

ಅವನು ಪಟ್ಟಿಯನ್ನು ಇಸಗೊಂಡು, ಇದ್ದಲ್ಲೇ ಕೂಡಿಸಿ, ಡಬ್ಬಿಯ ಸ್ಕ್ರೂಗಳನ್ನು ಒಂದೂ ಬಿಡದೆ ಬಿಗಿದ. ನಾನು ಸಹಿ ಹಾಕುವವರೆಗೆ ಪಕ್ಕದಲ್ಲೇ ನಿಂತಿದ್ದ. ಆಮೇಲೆ ನನ್ನ ಮುಖವನ್ನಲ್ಲ, ಕಿವಿಯನ್ನೇ ಸ್ವಲ್ಪ ಹೊತ್ತು ನೋಡಿದ.

"ಬರ್ತೇನ್ರಿ ಸರ. ಯಾರ ಹಿಂಡಿನವರು ಅಂತ ಗೊತ್ತಾತು."