ಚಪ್ಪರದ ಕಂಬ ಮರವಾದದ್ದು

ಮೊನ್ನೆ ಊಟವಾದ ಮೇಲೆ ನೀವೆಲ್ಲ ನಮ್ಮ ಮನೆಯ ಜಗಲಿಯಲ್ಲಿ ಕೂತು ಯಾರಿಗೆ ಯಾವ ಮರ ಇಷ್ಟ ಎಂದು ಮಾತಾಡುತ್ತಿದ್ದಿರಿ. ಚಿಕ್ಕವನು ರಸ್ತೆ ತುಂಬ ಕೆಂಪು ಹೂ ಉದುರಿಸುವ ಗುಲ್‌ಮೊಹರ್ ಎಂದ. ಅವನ ಅಕ್ಕ ಆಕಾಶಮಲ್ಲಿಗೆ ಎಂದಳು. ಬೆಳಿಗ್ಗೆ ಸ್ಕೂಟರಿನ ಸೀಟಿನ ಮೇಲೆ ಅದರ ಹೂ ಬಿದ್ದಿದ್ದರೆ ಒರೆಸಲು ಮನಸ್ಸೇ ಬರುವುದಿಲ್ಲವಂತೆ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದಿರಿ. ನಾನು ಎಲ್ಲವೂ ಚೆನ್ನಾಗಿವೆ ಎಂದು ಹೇಳಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ನಾಲ್ಕು ಜನ ಒಟ್ಟಿಗೆ ಮುಖ ನೋಡಿದರೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲಿ ಬರೆಯುತ್ತೇನೆ.

ನಮ್ಮ ಶಾಲೆಯ ಮುಂದೆ ಹುಣಸೆ ಮರ ಇತ್ತು. ಬಿಸಿಲು ಏರಿದರೆ ಮೇಷ್ಟ್ರು ಪಾಠವನ್ನು ಅದರ ಕೆಳಗೇ ಮಾಡುತ್ತಿದ್ದರು. ಗಾಳಿ ಬೀಸಿದಾಗ ಸಣ್ಣ ಸಣ್ಣ ಎಲೆಗಳು ಸ್ಲೇಟಿನ ಮೇಲೆ ಉದುರಿ, ಬರೆದದ್ದಕ್ಕೆಲ್ಲ ಚುಕ್ಕೆ ಇಟ್ಟ ಹಾಗೆ ಕಾಣುತ್ತಿತ್ತು. ಚಿಗುರು ತಿಂದು ಹಲ್ಲು ಜುಮ್ಮೆನ್ನಿಸಿಕೊಂಡು ಮನೆಗೆ ಹೋಗುತ್ತಿದ್ದೆವು. ಹೊಂಗೆಯೂ ನನಗೆ ಇಷ್ಟ. ಉರಿಬಿಸಿಲಲ್ಲಿ ಹೊಲದಿಂದ ಬಂದು ಅದರ ನೆರಳಿಗೆ ಕಾಲಿಟ್ಟರೆ ಯಾರೋ ಮುಖಕ್ಕೆ ತಣ್ಣೀರು ಹಾಕಿದ ಹಾಗಾಗುತ್ತಿತ್ತು. ಆದರೆ ಇದು ನನ್ನದು ಎಂದು ನಾನು ಹೇಳುವ ಮರ ಒಂದೇ. ನಮ್ಮ ಕುವೆಂಪುನಗರದ ಮನೆಯೆದುರು, ಪಾರ್ಕಿನ ಮೂಲೆಯಲ್ಲಿರುವ ಬಸರಿ ಮರ. ಅದು ಮೊದಲು ನಿಮ್ಮ ಅಮ್ಮನ ಮದುವೆ ಚಪ್ಪರದ ಕಂಬವಾಗಿತ್ತು.

ನಮ್ಮಲ್ಲಿ ಮದುವೆ ಮನೆಗೆ ಚಪ್ಪರ ಹಾಕುವಾಗ ಮೊದಲ ಕಂಬ ಹಾಲುಗಂಬ. ಕಡಿದರೆ ಹಾಲು ಬರುವ ಮರದ ಹಸಿ ಕೊಂಬೆಯೇ ಆಗಬೇಕು, ಅದನ್ನು ಹೆಣ್ಣಿನ ಸೋದರಮಾವನೇ ತರಬೇಕು. ಬುಡಕ್ಕೆ ಹಾಲು ಹಾಕಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ ಮೇಲೆಯೇ ಉಳಿದ ಕೆಲಸ. ನನ್ನ ಅಣ್ಣ ನಮ್ಮೂರಿನ ಕೆರೆ ಏರಿಯಿಂದ ತೋಳು ದಪ್ಪದ ಬಸರಿ ಕೊಂಬೆ ತಂದಿದ್ದ. ಮದುವೆ ಮುಗಿದು ಚಪ್ಪರ ಬಿಚ್ಚಿದರು. ಆ ಕಂಬವನ್ನು ಮಾತ್ರ ಕೀಳುವುದಕ್ಕೆ ನಾನು ಬಿಡಲಿಲ್ಲ. ನಿಮ್ಮ ಅಮ್ಮ ಗಂಡನ ಮನೆಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ತಂದು ಅದರ ಬುಡಕ್ಕೆ ಸುರಿಯುತ್ತಿದ್ದೆ. ಮಗಳಿಲ್ಲ ಅಂತ ಕಂಬಕ್ಕೆ ಸ್ನಾನ ಮಾಡಿಸುತ್ತಿದ್ದಾಳೆ ಎಂದು ನಿಮ್ಮ ತಾತ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಒಂದು ದಿನ ಅವರೇ ಗೇಟಿನ ಹತ್ತಿರ ನಿಂತು ಕೂಗಿದರು. "ಇಲ್ಲಿ ಬಾರೇ. ನಿನ್ನ ಕಂಬ ಚಿಗುರಿಬುಟ್ಟಿದೆ."

ಬಸರಿ ಬೇರು ಬಿಟ್ಟರೆ ಗೋಡೆ ಉಳಿಯುವುದಿಲ್ಲ. ಹಾಗಾಗಿ ಮಳೆ ಶುರುವಾದ ಮೇಲೆ ನಿಮ್ಮ ತಾತ ಮತ್ತು ನನ್ನ ಅಣ್ಣ ಅದನ್ನು ಬೇರು ಸಮೇತ ಅಗೆದು, ಎದುರಿನ ಖಾಲಿ ಜಾಗದ ಮೂಲೆಯಲ್ಲಿ ನೆಟ್ಟರು. ಆಮೇಲೆ ಆ ಜಾಗ ಪಾರ್ಕ್ ಆಯಿತು. ನಡೆಯುವ ದಾರಿ ಮಾಡಿದವರು ಮರವನ್ನು ಮುಟ್ಟದೆ ದಾರಿಯನ್ನೇ ಪಕ್ಕಕ್ಕೆ ತಿರುಗಿಸಿದರು, ಸುತ್ತ ಕಟ್ಟೆಯನ್ನೂ ಕಟ್ಟಿದರು. ನಿಮ್ಮ ತಾತ ಇರುವವರೆಗೂ ಪೇಪರ್ ಓದುತ್ತಿದ್ದದ್ದು ಅಲ್ಲೇ.

ಈಗ ನಿಮ್ಮ ದೊಡ್ಡಕ್ಕನ ಮದುವೆಗೆ ಬರುತ್ತೇನೆ. ನೀವು ನೋಡಿದ್ದು ಕೊನೆಯ ಭಾಗ ಮಾತ್ರ. ಅಮ್ಮನ ಕಂಬದಿಂದ ಬಂದ ಮರದ ಕೊಂಬೆಯೇ ತನ್ನ ಚಪ್ಪರಕ್ಕೂ ಬೇಕು ಎಂದು ಅವಳು ಮೊದಲೇ ಹೇಳಿಟ್ಟಿದ್ದಳು. ಕೇಳಿ ನನಗೆ ತುಂಬ ಹೆಮ್ಮೆಯಾಯಿತು. ಆದರೆ ಮದುವೆ ಹತ್ತಿರ ಬರುವಷ್ಟರಲ್ಲಿ ಮರ ಒಂದೆಲೆಯೂ ಉಳಿಯದ ಹಾಗೆ ಉದುರಿಸಿಕೊಂಡು ನಿಂತಿತು. ಅದೇ ಸಮಯಕ್ಕೆ ನಿಮ್ಮ ದೊಡ್ಡತ್ತೆ, ಅಂದರೆ ನಿಮ್ಮ ಅಪ್ಪನ ಅಕ್ಕ, ಕೊಂಬೆ ನೋಡಲು ಬಂದರು. ಅವರ ಬಾಯಿ ನಿಮಗೆ ಗೊತ್ತು. ನಿಮ್ಮ ಅಮ್ಮನೂ ಜೊತೆಗಿದ್ದಳು.

"ಇದೇನಮ್ಮಾ, ಒಣಗಿರೋ ಕೊಂಬೆ ತಂದು ಶುಭಕಾರ್ಯಕ್ಕೆ ನೆಡೋಕಾಗುತ್ತಾ?" ಎಂದರು. "ನಮ್ಮೂರಿಂದ ಅತ್ತಿ ಕೊಂಬೆ ತರಿಸ್ತೀನಿ ಬುಡಿ."

ನಿಮ್ಮ ಅಮ್ಮ ನೆಲ ನೋಡಿದಳು. ನಾನು ಇನ್ನೊಂದು ಕ್ಷಣ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಒಣಗಿಲ್ಲ ಕಣಮ್ಮ, ಹಳೇ ಎಲೆ ಕಳಚಿದೆ ಅಷ್ಟೆ" ಎಂದೆ. "ಚಪ್ಪರದ ದಿನಕ್ಕೆ ಹೊಸ ಎಲೆ ಬಂದಿರುತ್ತೆ."

"ಬರದೇ ಹೋದ್ರೆ?"

"ಬರುತ್ತೆ."

ಅದು ನನ್ನ ದನಿಯೇ ಎಂದು ನನಗೇ ಅನುಮಾನವಾಯಿತು. ಬಸರಿ ಕೆಲವು ವರ್ಷ ವಾರದೊಳಗೆ ಚಿಗುರುತ್ತದೆ, ಕೆಲವು ವರ್ಷ ಸತಾಯಿಸುತ್ತದೆ. ಅದನ್ನು ನಾನು ಅವರಿಗೆ ಹೇಳಲಿಲ್ಲ. ಮಾತು ಕೊಟ್ಟ ಮೇಲೆ ಶುರುವಾಯಿತು ನನ್ನ ಅವಸ್ಥೆ. ಬೆಳಗಾದರೆ ಬಕೆಟ್ಟು ಹಿಡಿದು ಪಾರ್ಕಿಗೆ ಹೋಗುವುದು, ಕತ್ತು ನೋಯುವವರೆಗೆ ಮೇಲೆ ನೋಡುವುದು. ವಾಕಿಂಗಿಗೆ ಬರುವ ಹೆಂಗಸರು ಏನು ಕಳೆದುಕೊಂಡಿರಿ ಎಂದು ಕೇಳಿದರು. ಪರೀಕ್ಷೆ ಮರಕ್ಕೋ ನಿನಗೋ ಎಂದು ನನ್ನ ಮಗ, ನಿಮ್ಮ ಮಾವ, ತಮಾಷೆ ಮಾಡಿದ. ಮೊಮ್ಮಗಳ ಆಸೆ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಅಷ್ಟು ಹೊತ್ತಿಗೆ ದೊಡ್ಡತ್ತೆ ಊರಿನಲ್ಲಿ ಅತ್ತಿ ಕೊಂಬೆಗೂ ಹೇಳಿಟ್ಟಿದ್ದರು.

ಚಪ್ಪರಕ್ಕೆ ಇನ್ನೇನು ಸ್ವಲ್ಪವೇ ದಿನ ಇದ್ದಾಗ ರೆಂಬೆಗಳ ತುದಿಯಲ್ಲಿ ಪೆನ್ಸಿಲ್ ಮೊನೆಯಂಥ ಮೊಗ್ಗು ಕಂಡವು. ಅದಾದ ಮೇಲೆ ಒಂದು ಬೆಳಿಗ್ಗೆ ಹೋದರೆ, ಕಟ್ಟೆಯ ಮೇಲೆಲ್ಲ ಯಾರೋ ಬೆಳ್ಳುಳ್ಳಿ ಬಿಡಿಸಿ ಸಿಪ್ಪೆ ಚೆಲ್ಲಿದ ಹಾಗಿತ್ತು. ಬಸರಿಯ ಎಲೆ ಬಿಚ್ಚಿಕೊಳ್ಳುವಾಗ ಮೇಲಿನ ತೆಳು ಪೊರೆ ಹಾಗೆ ಉದುರುತ್ತದೆ. ತಲೆ ಎತ್ತಿದೆ. ಮರವೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಚೊಂಬಿನ ಬಣ್ಣ. ಎಲೆ ಎಷ್ಟು ಎಳೆಯದೆಂದರೆ ಬಿಸಿಲು ಒಂದು ಕಡೆಯಿಂದ ಬಿದ್ದು ಇನ್ನೊಂದು ಕಡೆಯಿಂದ ಕಾಣುತ್ತಿತ್ತು. ಹೂ ಬಿಡುವ ಮರವನ್ನು ಎಲ್ಲರೂ ನೋಡುತ್ತಾರೆ. ಎಲೆಯೇ ಹೂವಾಗುವ ಮರ ಇದು. ಅದಕ್ಕೇ ನನಗೆ ಇದು ಇಷ್ಟ. ಬರೀ ಕೊಂಬೆಯಾಗಿ ನಿಂತಾಗಲೂ ಅದರೊಳಗೆ ಹಾಲು ಓಡಾಡುತ್ತಲೇ ಇರುತ್ತದೆ.

ನಿಮ್ಮ ಮಾವ ಹತ್ತಿ ಒಂದೇ ಒಂದು ಕೊಂಬೆ ಕಡಿದ. ಹಾಲು ತೊಟ್ಟಿಕ್ಕಿ ಅವನ ವಾಚೆಲ್ಲ ಅಂಟಾಯಿತು. ಚಪ್ಪರ ಹಾಕುತ್ತಿದ್ದ ನಿಮ್ಮ ಮನೆಗೆ ತರುವಾಗ ಕೊಂಬೆಯ ಅರ್ಧ ಕಾರಿನ ಕಿಟಕಿಯಿಂದ ಆಚೆಗಿತ್ತು. ನಿಮ್ಮ ಗೋಕುಲಂ ರಸ್ತೆಯಲ್ಲಿ ಯೋಗದ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡ ಇಬ್ಬರು ವಿದೇಶದ ಹುಡುಗಿಯರು ನಿಂತು ಕಾರಿಗೇ ಕೈಮುಗಿದರು.

ಮುಂದಿನದು ನೀವೂ ನೋಡಿದಿರಿ. ಕಂಬ ನೆಟ್ಟರು. ನಿಮ್ಮ ತಾತ ಹೋದ ಮೇಲೆ ಇಂಥ ಕೆಲಸಗಳಲ್ಲಿ ನಾನು ಮುಂದೆ ಬರುವುದಿಲ್ಲ. ಬರಬೇಡ ಎಂದು ಯಾರೂ ಹೇಳಿದ್ದಲ್ಲ, ನಾನೇ ಗೋಡೆ ಪಕ್ಕ ಜಾಗ ಮಾಡಿಕೊಂಡೆ. ಅಂದೂ ಅಲ್ಲೇ ಇದ್ದೆ. ದೊಡ್ಡತ್ತೆ ಒಂದು ಎಲೆಯನ್ನು ಬೆರಳಲ್ಲಿ ಸವರಿ ನೋಡಿದರು. ಆಮೇಲೆ ಹಾಲಿನ ಬಟ್ಟಲು ಹಿಡಿದು ನೇರ ನನ್ನ ಕಡೆಗೇ ಬಂದರು.

"ಮೊದಲ ಹಾಲು ನೀವು ಹಾಕಿ" ಎಂದರು. "ಮರ ಬೆಳೆಸಿದವರು ನೀವು, ಗೆದ್ದವರೂ ನೀವೇ. ನಾನು ತರಿಸಿರೋ ಅತ್ತಿ ಕೊಂಬೆ ಹಿತ್ತಲಲ್ಲಿ ಮಲಗಿದೆ, ಬಟ್ಟೆ ಒಣಗಹಾಕೋಕಾದ್ರೂ ಆಗುತ್ತೆ."

ಎಲ್ಲರೂ ನಕ್ಕರು. ನಿಮ್ಮ ದೊಡ್ಡಕ್ಕ ನನ್ನ ಕೈ ಹಿಡಿದು ಕಂಬದ ಮುಂದೆ ನಿಲ್ಲಿಸಿದಳು. ಅಷ್ಟು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ತಗ್ಗಿಸಲಿಲ್ಲ. ಬಟ್ಟಲು ಪೂರ್ತಿ ಖಾಲಿಯಾಗುವವರೆಗೆ ಸುರಿದೆ.

ಚಪ್ಪರ ಬಿಚ್ಚಿದ ಮೇಲೆ ಆ ಕಂಬ ತನಗೆ ಬೇಕು ಎಂದು ಅವಳು ಹೇಳಿ ಹೋದಳಲ್ಲ, ಅದು ಈಗ ನಮ್ಮ ನಲ್ಲಿಯ ಪಕ್ಕ ಹಳೆಯ ಪೇಂಟ್ ಡಬ್ಬದಲ್ಲಿದೆ. ಅಕ್ಕಿ ತೊಳೆದ ನೀರು ಕುಡಿಯುತ್ತಿದೆ. ಕಡಕೊಳದ ಹತ್ತಿರ ನಿಮ್ಮ ಭಾವ ಕಟ್ಟಿಸುತ್ತಿರುವ ಮನೆಯ ಹಿಂದೆ ದೊಡ್ಡ ಬಯಲಿದೆಯಂತೆ, ಅಲ್ಲಿ ನೆಡುತ್ತಾಳಂತೆ. ಸಂಜೆ ಫೋನ್ ಮಾಡಿದಾಗಲೆಲ್ಲ ಮೊದಲು ಅದನ್ನೇ ಕೇಳುತ್ತಾಳೆ. ಇನ್ನೂ ಇಲ್ಲ ಕಣೇ ಎನ್ನುತ್ತೇನೆ.

ಇವತ್ತು ಬೆಳಿಗ್ಗೆ ತುದಿಯ ಹತ್ತಿರ ಪೆನ್ಸಿಲ್ ಮೊನೆಯಂಥದ್ದು ಒಂದು ಕಂಡಿತು. ಫೋನಿನಲ್ಲಿ ಹೇಳಲಿಲ್ಲ. ಭಾನುವಾರ ಅವಳು ಬಂದಾಗ ನಾನೇ ಗೇಟಿನ ಹತ್ತಿರ ನಿಂತು, ನಿಮ್ಮ ತಾತ ನನ್ನನ್ನು ಕೂಗಿದ ಹಾಗೆಯೇ ಕೂಗಬೇಕು ಎಂದಿದ್ದೇನೆ. ಅಲ್ಲಿಯವರೆಗೆ ನೀವೂ ಬಾಯಿ ಬಿಡಬೇಡಿ.