ಶಿರಾದಲ್ಲಿ ಉಂಡ ಕುಷ್ಕ

"ಗಂಡ ಸತ್ತೋಳು ಏನ್ ಯಾಪಾರ ಮಾಡ್ತೀಯೆ? ನಿನ್ ಕೈಲಾಗಾಕಿಲ್ಲ, ಸುಮ್ಕಿರು" ಅಂದಿದ್ದವನು ನನ್ನ ಅಣ್ಣ. ಆಗ ನಾನು ಬರಗೂರಿನಲ್ಲಿ ಅವನ ಮನೆಯಲ್ಲೇ ಇದ್ದೆ. ಮಾರಲು ಸೀರೆ ತರುವುದಕ್ಕೆಂದು ಶಿರಾ ಪೇಟೆಗೆ ಹೋದ ದಿನ, ಹಸಿವು ತಾಳಲಾರದೆ ಒಬ್ಬ ಮುಸ್ಲಿಂ ಹೆಂಗಸಿನ ಪುಟ್ಟ ಹೋಟೆಲಿಗೆ ಹೋದೆ. ನಮ್ಮ ಮನೆಯವರು ಅಂಥಲ್ಲಿ ನೀರೂ ಮುಟ್ಟುತ್ತಿರಲಿಲ್ಲ.

ಆಕೆ ನನ್ನನ್ನು ನೋಡಿ ಒಂದು ಪರದೆ ತೋರಿಸಿದಳು. "ಒಳಗೆ ಕೂತ್ಕೊ ಅಕ್ಕಾ. ನಿಮ್ಮೋರು ಕದ್ದು ಉಣ್ಣೋದು ಅಲ್ಲೇ."

"ನಾನೇನು ಕಳ್ಳಿಯೇನಮ್ಮ? ಇಲ್ಲೇ ಹಾಕು."

ಚಕ್ಕೆ ಲವಂಗದ ಘಮಘಮ ಕುಷ್ಕದ ಅನ್ನ, ಮೇಲೆ ಹುಳಿ ಬಿಟ್ಟ ಬೇಳೆಯ ದಾಲ್ಚಾ. ಅಂಥ ರುಚಿಯನ್ನು ನನ್ನ ನಾಲಿಗೆ ಕಂಡೇ ಇರಲಿಲ್ಲ. ಇನ್ನೊಂದಿಷ್ಟು ಹಾಕಿಸಿಕೊಳ್ಳುವಾಗ, ಪರದೆಯ ಹಿಂದಿನಿಂದ ನಮ್ಮೂರಿನವನೊಬ್ಬ ಬಾಯಿ ಒರೆಸಿಕೊಳ್ಳುತ್ತ ಹೊರಬಂದ. ತಲೆ ತಗ್ಗಿಸಿಕೊಂಡು ಹೋದವನೇ ಅಣ್ಣನಿಗೆ ಸುದ್ದಿ ಮುಟ್ಟಿಸಿದ.

ಸಂಜೆ ನನ್ನ ತಟ್ಟೆ ಜಗಲಿಯ ಮೇಲಿತ್ತು. "ತಪ್ಪಾಯ್ತು ಅನ್ನು, ಒಳೀಕೆ ಬಾ" ಅಂದ ಅಣ್ಣ. ನಾನು ಅನ್ನಲಿಲ್ಲ. ಸೀರೆಗಂಟು ಎತ್ತಿಕೊಂಡು ಹೊರಟುಬಿಟ್ಟೆ.

ಈಗ ಮಧುಗಿರಿಯಲ್ಲಿ ನನ್ನದೇ ಹೋಟೆಲಿದೆ. ಬರಗೂರಿನವರೂ ಬಂದು ಉಣ್ಣುತ್ತಾರೆ. ಅಣ್ಣ ಸತ್ತ ಸುದ್ದಿಯನ್ನೂ ಅವರಲ್ಲೊಬ್ಬರು ಕೈ ತೊಳೆಯುತ್ತ ಹೇಳಿದರು, ಮಣ್ಣು ಮಾಡಿ ಆದ ಮೇಲೆ.