“ಒಂದಿಷ್ಟು ಮೂಳೆ ಹಾಕಿ”

೧೯೩೮ರಲ್ಲಿ ನಾನು ಶಿವಮೊಗ್ಗದಲ್ಲಿ ವೆಟರ್ನರಿ ಇನ್ಸ್‌ಪೆಕ್ಟರ್ ಆಗಿದ್ದೆ. ಕೆಲಸವೆಲ್ಲ ಎತ್ತು, ಎಮ್ಮೆಗಳದ್ದೇ. ಇವತ್ತು ಗಾಜನೂರು, ನಾಳೆ ಹೊಳಲೂರು ಎಂದು ಸೈಕಲ್ ತುಳಿಯುವುದು, ವಾರಕ್ಕೊಮ್ಮೆ ರೈಲು ಹತ್ತಿ ಭದ್ರಾವತಿಗೆ ಹೋಗಿ ಬರುವುದು. ನಿಂತಲ್ಲಿ ನಿಲ್ಲದ ಸ್ವಭಾವ ನನ್ನದು. ಒಂದು ಎತ್ತಿನ ಬಾಯಿ ನೋಡುತ್ತಿರುವಾಗಲೇ ಮನಸ್ಸು ಮುಂದಿನ ಎತ್ತಿನ ಹತ್ತಿರ ಹೋಗಿರುತ್ತಿತ್ತು. ನಾಯಿಗಳಿಗಂತೂ ನನ್ನಲ್ಲಿ ಪುರುಸೊತ್ತೇ ಇರಲಿಲ್ಲ.

ಆ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಭದ್ರಾವತಿಯಿಂದ ಆಳೊಬ್ಬ ಚೀಟಿ ತಂದ. ಬರೆದವರು ಅಲ್ಲಿನ ಕಬ್ಬಿಣದ ಕಾರ್ಖಾನೆಯ ಗುಮಾಸ್ತರಾದ ರುದ್ರಪ್ಪನವರು. “ನಮ್ಮ ನಾಯಿಗೆ ಹುಚ್ಚು ಹಿಡಿದಂತಿದೆ. ಮನೆಯಲ್ಲಿ ಎರಡು ಮಕ್ಕಳಿವೆ. ಕೂಡಲೇ ಬರಬೇಕು.” ಸಿಕ್ಕ ರೈಲಿಗೆ ಹೊರಟೆ. ದಾರಿಯುದ್ದಕ್ಕೂ ಕೂತಲ್ಲಿ ಕೂರಲಾಗಲಿಲ್ಲ.

ನ್ಯೂ ಟೌನಿನ ಅವರ ಕ್ವಾರ್ಟರ್ಸ್ ಮುಂದೆ ಆಗಲೇ ಜನ ಸೇರಿದ್ದರು. ಮರದ ಕೆಳಗೆ ಬಂದೂಕು ಹಿಡಿದ ಕಾವಲುಗಾರನೊಬ್ಬ ಬೀಡಿ ಸೇದುತ್ತ ಕೂತಿದ್ದ. ನಾನು ಹೂಂ ಅಂದರೆ ಅವನ ಕೆಲಸ. ಹಿತ್ತಲಿನ ಸೀಬೆ ಮರಕ್ಕೆ ನಾಯಿಯನ್ನು ಕಟ್ಟಿದ್ದರು. ಹೆಸರು ರಾಣಿ, ಕಂದು ಬಣ್ಣದ ನಾಟಿ ನಾಯಿ. ಬಾಯಿ ತೆರೆದೇ ಇತ್ತು, ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು. ಮುಂಗಾಲಿನಿಂದ ಮುಖ ಪರಚಿಕೊಳ್ಳುತ್ತಿತ್ತು. ನೀರಿಟ್ಟರೆ ಮೂತಿ ತಂದು ನುಂಗಲಾರದೆ ಹಿಂದೆ ಸರಿಯುತ್ತಿತ್ತು. ಬುಟ್ಟಿಯಲ್ಲಿ ನಾಲ್ಕು ಮರಿಗಳು ಕುಂಯ್‌ಗುಡುತ್ತಿದ್ದವು.

ಇಲ್ಲೊಂದು ಮಾತು ವಿವರಿಸಬೇಕು. ರೇಬಿಸ್, ಅಂದರೆ ಹುಚ್ಚುನಾಯಿ ರೋಗ ಬಂದ ಎಲ್ಲ ನಾಯಿಗಳೂ ಬೊಗಳಿ ಕಚ್ಚಲು ಬರುವುದಿಲ್ಲ. ಕೆಲವು ಮಂಕಾಗುತ್ತವೆ, ಕೆಳದವಡೆ ಜೋತು ಬೀಳುತ್ತದೆ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿದಂತೆಯೇ ಕಾಣುತ್ತದೆ. ಮೂಳೆ ತೆಗೆಯಲು ಹೋಗಿ ಪ್ರಾಣ ಕಳೆದುಕೊಂಡವರ ಕಥೆ ಹೇಳಿ ನಮ್ಮ ಮೇಷ್ಟರು ಹೆದರಿಸಿದ್ದರು. ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ.

“ಮೂಳೆ ಏನಾದರೂ ತಿಂದಿದೆಯೇ?”

ರುದ್ರಪ್ಪನವರ ಮುಖ ಕೆಂಪಾಯಿತು. “ಲಿಂಗಪೂಜೆ ಆಗೋ ಮನೆ ಸ್ವಾಮಿ ಇದು. ಮುದ್ದೆ, ಮಜ್ಜಿಗೆ ಬಿಟ್ರೆ ಇದು ಇನ್ನೇನೂ ಕಂಡಿಲ್ಲ. ಮೂಳೆ ಎಲ್ಲಿಂದ ಬರುತ್ತೆ?”

ಅಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಂಡೆ. ಮೂಳೆ ಇಲ್ಲವೆಂದರೆ ರೇಬಿಸ್. ತಾಯಿಯ ಜೊಲ್ಲು ತಾಗಿದ ಮರಿಗಳನ್ನೂ ಉಳಿಸುವಂತಿರಲಿಲ್ಲ. ಕಾಗದ ತೆಗೆದು ಮೊಣಕಾಲಿನ ಮೇಲಿಟ್ಟು ಗುಂಡು ಹಾರಿಸಲು ಅಪ್ಪಣೆ ಬರೆಯತೊಡಗಿದೆ. ಕಾವಲುಗಾರ ಬೀಡಿ ಎಸೆದು ಎದ್ದ.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರುದ್ರಪ್ಪನವರ ಹೆಂಡತಿ ಶಾಂತಮ್ಮ ಸೆರಗು ಬಿಗಿಹಿಡಿದು ಹಿತ್ತಲಿಗೆ ಬಂದರು.

“ತಿಂದಿದೆ ಡಾಕ್ಟ್ರೇ. ನಾನೇ ಹಾಕಿದ್ದು.”

ರುದ್ರಪ್ಪನವರು ದಂಗಾದರು. “ನಮ್ಮನೇಲಿ ಮೂಳೆ ಬೇಯ್ಸಿದ್ಯಾ?”

“ನಮ್ಮ ಒಲೇಲಿ ಅಲ್ಲ ರೀ. ಮುನಿಯಮ್ಮನ ಒಲೇಲಿ.”

ಮುನಿಯಮ್ಮ ಪಕ್ಕದ ಮನೆಯಾಕೆ, ಕಾರ್ಖಾನೆಯ ಕುಲುಮೆ ಕೆಲಸದವನ ಹೆಂಡತಿ. ಬೇಲಿಯಾಚೆಯಿಂದಲೇ ಒಪ್ಪಿಕೊಂಡಳು. “ಹೌದು ಸಾಮಿ. ಹಸಿ ಮೂಳೆ ಕೊಡ್ತೀನಿ ಅಂದೆ. ಈ ಅಮ್ಮ ವಾಸನೆ ಬರಬಾರದು ಅಂತು. ಎರಡು ಸಲ ಬೇಯ್ಸಿ, ಕೆಂಡದ ಮೇಲೆ ಸುಟ್ಟು, ತೊಳೆದು ಕೊಟ್ಟೆ.”

ಮಡಿ ಮಾಡಿದ ಮೂಳೆ! ನನಗೆ ಸಿಟ್ಟೇ ಬಂತು. ಹಸಿ ಮೂಳೆ ಸ್ವಲ್ಪ ಬಾಗುತ್ತದೆ. ಬೆಂದು ಸುಟ್ಟದ್ದು ಗಾಜಿನ ಹಾಗೆ ಚೂಪಾಗಿ ಸೀಳುತ್ತದೆ, ಬಾಯಿಯಿಂದ ಕರುಳಿನವರೆಗೆ ಎಲ್ಲಿ ಬೇಕಾದರೂ ಚುಚ್ಚುತ್ತದೆ. “ನಾಯಿಗೆ ಮೂಳೆ ಹಾಕು ಅಂತ ಯಾವ ಪುಣ್ಯಾತ್ಮ ಹೇಳಿದನಮ್ಮ ನಿಮಗೆ?” ಎಂದು ರೇಗಿದೆ.

ಶಾಂತಮ್ಮ ನನ್ನ ಮುಖವನ್ನೇ ನೋಡಿದರು. “ನೀವೇ ಡಾಕ್ಟ್ರೇ. ಹೋದ ತಿಂಗಳು ದನಗಳಿಗೆ ಸೂಜಿ ಹಾಕೋಕೆ ಬಂದಿದ್ರಲ್ಲ, ಆವತ್ತು. ನಮ್ಮ ನಾಯಿಗೆ ಮರಿ ಹಾಕಿ ಹಿಂಗಾಲು ಸೋತಿದೆ ಅಂದೆ. ‘ಒಂದಿಷ್ಟು ಮೂಳೆ ಹಾಕಿ, ಸರಿಹೋಗುತ್ತೆ’ ಅಂದ್ರಿ.”

ನೆನಪಾಯಿತು. ಆಕೆಯ ಮುಖವಲ್ಲ, ನನ್ನ ದನಿ. ಎದುರಿಗೆ ನೂರಾರು ಎತ್ತುಗಳ ಸಾಲಿತ್ತು, ಕೈಯಲ್ಲಿ ಸಿರಿಂಜ್ ಇತ್ತು. ತಲೆ ಎತ್ತದೆ ಹೇಳಿದ ಮಾತು ಅದು. ಯಾವ ಮೂಳೆ, ಹಸಿಯೋ ಬೆಂದದ್ದೋ, ಹೇಳಲಿಲ್ಲ. ಯಾರ ಮನೆಯವರು ಅಂತಲೂ ಕೇಳಲಿಲ್ಲ. ಹಿತ್ತಲಲ್ಲಿ ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಯಿತು.

ಆದರೆ ಮೂಳೆ ತಿಂದ ನಾಯಿಗೆ ರೇಬಿಸ್ ಬರಬಾರದೆಂದೇನಿಲ್ಲ. ಬಾಯೊಳಗೆ ನೋಡದೆ ತಿಳಿಯುವಂತಿರಲಿಲ್ಲ. ಅರ್ಧ ಬರೆದ ಕಾಗದವನ್ನು ಹರಿದೆ. ಮೇಲ್ದವಡೆಗೊಂದು, ಕೆಳದವಡೆಗೊಂದು ಬಟ್ಟೆಯ ಪಟ್ಟಿ ಹಾಕಿ, ಒಂದನ್ನು ಕಾವಲುಗಾರನ ಕೈಗೆ, ಇನ್ನೊಂದನ್ನು ರುದ್ರಪ್ಪನವರ ಕೈಗೆ ಕೊಟ್ಟು ಎಳೆಸಿದೆ. ನಾನು ಬೇಡವೆಂದರೂ ಕೇಳದೆ ಶಾಂತಮ್ಮ ರಾಣಿಯ ಕತ್ತು ಹಿಡಿದು ಕೂತರು. ತೊಗಲಿನ ಕೈಗವಸಿನಲ್ಲಿ ಫೋರ್ಸೆಪ್ಸ್, ಅಂದರೆ ಚಿಮಟ, ಜಾರುತ್ತಿತ್ತು. ಗವಸು ಬಿಚ್ಚಿ ಎಸೆದೆ.

ಸಿಕ್ಕಿತು! ಅಂಗುಳಿಗೆ ಅಡ್ಡಲಾಗಿ, ಎಡ ದವಡೆಹಲ್ಲಿನಿಂದ ಬಲ ದವಡೆಹಲ್ಲಿಗೆ ಅಗುಳಿ ಹಾಕಿದಂತೆ, ಮೇಕೆಯ ಪಕ್ಕೆಲುಬಿನ ಎರಡಂಗುಲದ ಚೂರು. ಎರಡನೇ ಸಲ ಎಳೆದಾಗ ಬಂತು, ಜೊತೆಗೆ ನನ್ನ ಹೆಬ್ಬೆರಳಿಗೆ ಹಲ್ಲಿನ ಗೀರೂ ಬಂತು. ರಾಣಿ ಬಾಯಿ ಮುಚ್ಚಿತು, ತೆರೆಯಿತು, ಪಾತ್ರೆಯ ನೀರನ್ನೆಲ್ಲ ಕುಡಿಯಿತು. ಕಾವಲುಗಾರ ಬಂದೂಕು ಹೆಗಲಿಗೇರಿಸಿ, “ಬದುಕ್ತು ಮುಂಡೇದು” ಎಂದು ಹೊರಟ.

ನನ್ನ ಪೇಚಾಟ ಮುಗಿಯಲಿಲ್ಲ. ಗೀರಾದ ಮೇಲೆ ನಾಯಿಯನ್ನು ಹತ್ತು ದಿನ ಕಟ್ಟಿ ನೋಡುವುದು ಕ್ರಮ. ಅಷ್ಟರಲ್ಲಿ ಸತ್ತರೆ ನಾನು ಹೊಟ್ಟೆಗೆ ರೇಬಿಸ್ ಸೂಜಿ ಚುಚ್ಚಿಸಿಕೊಳ್ಳಬೇಕು. ಅದಕ್ಕಿಂತ ಹೆಚ್ಚಾಗಿ, ಆಗಲೇ ಒಳಗೆ ಹೋಗಿದ್ದ ಚೂರುಗಳ ಭಯ. ಮೂರನೆಯ ದಿನ ಅದು ತಿಣುಕಿ ತಿಣುಕಿ ಮಲದಲ್ಲಿ ರಕ್ತ ಹಾಕಿದಾಗ ನಾನು ಹಿತ್ತಲ ಕಲ್ಲಿನ ಮೇಲೆ ತಲೆ ಹಿಡಿದು ಕೂತೆ. ಭೇದಿ ಮಾಡಿಸುವ ಔಷಧ ಕೊಡದೆ, ಬರೀ ಗಂಜಿ ಹಾಕಿಸಿ ಕಾದೆವು. ಏಳನೆಯ ದಿನ ರಾಣಿ ಮುದ್ದೆ ಕೇಳಿತು. ಹತ್ತನೆಯ ದಿನ ನನ್ನನ್ನು ಕಂಡು ಬಾಲ ಆಡಿಸಿತು. ರುದ್ರಪ್ಪನವರೇ ಹಗ್ಗ ಬಿಚ್ಚಿದರು.

ಕಾಫಿ ಕೊಡುತ್ತ ಶಾಂತಮ್ಮ ಕೇಳಿದರು. “ಈಗಾದ್ರೂ ಸರಿಯಾಗಿ ಹೇಳಿ. ಮೂಳೆ ಹಾಕಬಹುದೋ, ಬಾರದೋ?”

“ಬೆಂದದ್ದು, ಸುಟ್ಟದ್ದು ಎಂದಿಗೂ ಬೇಡ. ಮುರಿಯಲಾಗದ ದೊಡ್ಡ ಹಸಿ ಮೂಳೆಯಾದರೆ ಎದುರಿಗೇ ಕೂತು ಕಡಿಯಲು ಬಿಡಬಹುದು, ಅದರಲ್ಲೂ ಹಲ್ಲು ಮುರಿಯುವ ಭಯ ಇದ್ದೇ ಇದೆ. ನಿಮ್ಮ ಮನೆಗೆ ಅದೂ ಬೇಡ. ಸೋತ ಕಾಲಿಗೆ ಬೇಕಾದದ್ದು ಮೂಳೆಯೊಳಗಿನ ಸುಣ್ಣದ ಅಂಶ. ಸುಣ್ಣದ ತಿಳಿನೀರು ಒಂದು ಚಮಚ ಗಂಜಿಯಲ್ಲಿ ಹಾಕಿದರೆ ಸಾಕು. ಸುಣ್ಣ ಇದೆಯೇ ಮನೆಯಲ್ಲಿ?”

ಅವರು ಎಲೆಯಡಿಕೆ ತಟ್ಟೆಯ ಕಡೆ ಕೈ ತೋರಿಸಿದರು. ಸುಣ್ಣದ ಡಬ್ಬಿ ನನ್ನ ಮುಂದೆಯೇ ಇತ್ತು.

“ಇದನ್ನ ಆವತ್ತೇ ಕೇಳಿದ್ರೆ ಆಗ್ತಿತ್ತಲ್ಲ ಡಾಕ್ಟ್ರೇ” ಎಂದರು.

ಮುಂದೆ ಎಷ್ಟೋ ವರ್ಷ ಕೆಲಸ ಮಾಡಿದೆ. ಔಷಧ ಬರೆಯುವ ಮೊದಲು ನಿಮ್ಮ ಮನೆಯಲ್ಲಿ ಏನೇನಿದೆ ಎಂದು ಕೇಳುತ್ತಿದ್ದೆ. ಜನ ನಕ್ಕರೂ ಕೇಳುತ್ತಿದ್ದೆ. ಆಗೆಲ್ಲ ತೋರುಬೆರಳು ಹೆಬ್ಬೆರಳಿನ ಆ ಗೀರಿನ ಗುರುತನ್ನು ತಾನಾಗಿ ಸವರಿಕೊಳ್ಳುತ್ತಿತ್ತು.